ಕರೋಲ್ ಬಾಗ್ ಮತ್ತು 1948ರ ಒಡಂಬಡಿಕೆ

1948ನೆಯ ಇಸವಿ ಜನವರಿ 18ರಂದು ದೆಹಲಿಯ ಬಿರ್ಲಾ ಭವನದಲ್ಲಿ, ಆರನೆಯ ದಿನದ ಉಪವಾಸದಲ್ಲಿದ್ದ ಗಾಂಧೀಜಿಯವರ ಮುಂದೆ ಒಂದು ಪ್ರತಿಜ್ಞಾಪತ್ರವು ಅರ್ಪಿತವಾಯಿತು. ಅದರಲ್ಲಿ ನಗರದ ಮೂರು ಬಡಾವಣೆಗಳು ಹೆಸರುಗೊಂಡಿವೆ: ಸಬ್ಜಿ ಮಂಡಿ, ಕರೋಲ್ ಬಾಗ್, ಪಹಾಡ್‌ಗಂಜ್. ಈ ಸ್ಥಳಗಳಲ್ಲಿ ಮುಸಲ್ಮಾನರು ಹಿಂದಿನಂತೆಯೇ ಓಡಾಡಬಹುದೆಂದು ನಗರದ ಪ್ರಮುಖರು ಅಲ್ಲಿ ಮಾತು ಕೊಟ್ಟರು. ಹಾಗೆ ಮಾತು ಕೊಡಬೇಕಾಗಿ ಬಂದುದೇ ಅದಕ್ಕೆ ಹಿಂದಿನ ನಾಲ್ಕು ತಿಂಗಳುಗಳ ಸ್ಥಿತಿಯನ್ನು ಸೂಚಿಸುತ್ತದೆ.

ಆ ಕಾಲದ ಕಲಹವನ್ನು ‘ಗಲಭೆ’ ಎಂದು ಕರೆಯುವುದು ವಾಡಿಕೆ. ಶಬ್ದವು ತೀರ ಹಗುರವಾದುದು. ಸೈನ್ಯಗಳು ಎದುರುಬದುರಾಗಿ ನಿಲ್ಲಲಿಲ್ಲವೆಂಬುದು ನಿಜ. ಆದರೆ ಆಯುಧಧಾರಿಗಳಾದ ತಂಡಗಳು ಒಂದು ಬೀದಿಯನ್ನು ಗೆದ್ದು, ಅಲ್ಲಿನವರನ್ನು ಹೊರದೂಡಿ, ಮನೆಗಳನ್ನು ವಶಪಡಿಸಿಕೊಳ್ಳುವುದು ಅಂತರ್ಯುದ್ಧವಲ್ಲದೆ ಮತ್ತೇನು? 1941ರ ಜನಗಣತಿಯಲ್ಲಿ ದೆಹಲಿಯ ಜನಸಂಖ್ಯೆಯ ಮೂರರಲ್ಲೊಂದು ಪಾಲು ಮುಸಲ್ಮಾನರಿದ್ದರು. 1951ರಲ್ಲಿ ಆ ಪ್ರಮಾಣವು ಶೇಕಡಾ 6ಕ್ಕಿಂತ ಕೆಳಗಿಳಿದಿತ್ತು. ಅದೇ ಅವಧಿಯಲ್ಲಿ ಪಶ್ಚಿಮ ಪಾಕಿಸ್ತಾನದಿಂದ ಸುಮಾರು 5 ಲಕ್ಷ ಹಿಂದೂ ಮತ್ತು ಸಿಖ್ ನಿರಾಶ್ರಿತರು ಈ ನಗರಕ್ಕೆ ಬಂದು ಸೇರಿದರು. ಹೋದವರೂ ಬಂದವರೂ ಮನೆಮಠ ಕಳೆದುಕೊಂಡವರೇ ಎಂಬುದನ್ನು ಮರೆತರೆ ಮುಂದಿನ ರಾಜಕೀಯವು ಅರ್ಥವಾಗುವುದಿಲ್ಲ.

ಕರೋಲ್ ಬಾಗ್ ಮೊದಲಿನಿಂದಲೂ ಸ್ಥಳಾಂತರಗೊಂಡವರ ಊರು. ಹೊಸದಿಲ್ಲಿಯ ಕನಾಟ್ ಪ್ಲೇಸನ್ನು ಕಟ್ಟುವಾಗ ಮಾಧೋಗಂಜ್, ಜೈಸಿಂಗಪುರ, ರಾಜಾ ಕಾ ಬಜಾರ್ ಎಂಬ ಹಳ್ಳಿಗಳಿಂದ ಎಬ್ಬಿಸಲ್ಪಟ್ಟವರನ್ನು 1920ರ ದಶಕದಲ್ಲಿ ಇಲ್ಲಿ ನೆಲೆಗೊಳಿಸಿದ್ದರು. ಹಕೀಮ್ ಅಜ್ಮಲ್ ಖಾನರ ತಿಬ್ಬಿಯಾ ಕಾಲೇಜಿಗೆ 1916ರಲ್ಲಿ ಲಾರ್ಡ್ ಹಾರ್ಡಿಂಜನು ಅಸ್ತಿಭಾರವಿಟ್ಟುದೂ 1921ರ ಫೆಬ್ರವರಿ 13ರಂದು ಗಾಂಧೀಜಿಯವರು ಅದನ್ನು ಉದ್ಘಾಟಿಸಿದುದೂ ಇಲ್ಲಿಯೇ. ಯುನಾನಿ ಮತ್ತು ಆಯುರ್ವೇದಗಳೆರಡನ್ನೂ ಒಂದೇ ಸೂರಿನಡಿ ಕಲಿಸಬೇಕೆಂಬುದು ಹಕೀಮರ ಸಂಕಲ್ಪವಾಗಿತ್ತು. ಜಾಮಿಯಾ ಮಿಲ್ಲಿಯಾ ವಿದ್ಯಾಪೀಠವು 1925ರಲ್ಲಿ ಅಲೀಗಢವನ್ನು ಬಿಟ್ಟು ಬಂದಾಗ ಮೊದಲು ಬಿಡಾರ ಹೂಡಿದುದೂ ಈ ಬಡಾವಣೆಯಲ್ಲಿ. ಬಡಾವಣೆಯ ದೊಡ್ಡ ಪೇಟೆಬೀದಿಗೆ ಇಂದಿಗೂ ಅಜ್ಮಲ್ ಖಾನರ ಹೆಸರೇ ಇದೆ. ಅಲ್ಲಿ ಸೀರೆ ಕೊಳ್ಳಲು ಹೋಗುವ ನಮ್ಮ ಕನ್ನಡ ಕುಟುಂಬಗಳಲ್ಲಿ ಆ ಮಹನೀಯರು ಯಾರೆಂದು ಕೇಳಿದವರು ವಿರಳ. 1947ರ ಹಿಂಸೆಯಲ್ಲಿ ಗುಂಡೇಟಿನಿಂದ ಮೃತರಾದ ಶಸ್ತ್ರವೈದ್ಯ ಡಾ. ಎನ್. ಸಿ. ಜೋಶಿಯವರ ಹೆಸರಿನ ಆಸ್ಪತ್ರೆಯೂ ಇದೇ ಕರೋಲ್ ಬಾಗಿನಲ್ಲಿದೆ.

ಗಾಂಧೀಜಿಯವರು 1947ರ ಸೆಪ್ಟೆಂಬರ್ 9ರಂದು ಕಲ್ಕತ್ತೆಯಿಂದ ಇಲ್ಲಿಗೆ ಬಂದಾಗ ಪುರಾನಾ ಕಿಲಾ ಮತ್ತು ಹುಮಾಯೂನನ ಗೋರಿಯ ಆವರಣಗಳು ಮನೆಬಿಟ್ಟ ಮುಸಲ್ಮಾನರ ಶಿಬಿರಗಳಾಗಿದ್ದವು. ಅವರು ತಂಗುತ್ತಿದ್ದ ಭಂಗಿ ಕಾಲನಿಯಲ್ಲಿ ಪಂಜಾಬಿನ ನಿರಾಶ್ರಿತರು ತುಂಬಿದ್ದುದರಿಂದ ಅವರನ್ನು ಬಿರ್ಲಾ ಭವನಕ್ಕೆ ಕರೆದೊಯ್ಯಬೇಕಾಯಿತು. ಜನವರಿ 13ರಂದು ಅವರು ಉಪವಾಸವನ್ನು ಆರಂಭಿಸಿದರು. ಪಾಕಿಸ್ತಾನಕ್ಕೆ ಸಲ್ಲಬೇಕಾಗಿದ್ದ 55 ಕೋಟಿ ರೂಪಾಯಿಗಳಿಗಾಗಿಯೇ ಈ ಉಪವಾಸವೆಂದು ಇಂದಿಗೂ ಹೇಳುವವರುಂಟು. ಸರಕಾರವು ಆ ಹಣವನ್ನು ಕೊಡಲು ಜನವರಿ 15ರಂದು ನಿರ್ಧರಿಸಿತು. ಉಪವಾಸವು 18ರವರೆಗೆ ನಡೆಯಿತು. ಪ್ರತಿಜ್ಞಾಪತ್ರದಲ್ಲಿ ಹಣದ ಮಾತೇ ಇಲ್ಲ. ತಾರೀಖುಗಳನ್ನು ನೋಡಬಲ್ಲವರಿಗೆ ಇಷ್ಟು ಸಾಕು.

ಪತ್ರದಲ್ಲಿದ್ದುದಾದರೂ ಏನು? ಮೆಹ್ರೌಲಿಯ ಖ್ವಾಜಾ ಕುತುಬುದ್ದೀನರ ದರ್ಗಾದ ಉರುಸು ಎಂದಿನಂತೆ ನಡೆಯಬೇಕು. ಮೇಲೆ ಹೇಳಿದ ಬಡಾವಣೆಗಳಲ್ಲಿ ಸಂಚಾರವು ನಿರ್ಭಯವಾಗಬೇಕು. ಹಿಂದೂಗಳ ಮತ್ತು ಸಿಖ್ಖರ ವಶಕ್ಕೆ ಹೋಗಿರುವ ಮಸೀದಿಗಳನ್ನು ಹಿಂದಿರುಗಿಸಬೇಕು. ಊರು ಬಿಟ್ಟ ಮುಸಲ್ಮಾನರು ಮರಳಿ ಬಂದು ವ್ಯಾಪಾರ ನಡೆಸುವುದಕ್ಕೆ ಅಡ್ಡಿ ಇರಬಾರದು. ಇದೆಲ್ಲವೂ ಪೊಲೀಸರ ಅಥವಾ ಸೈನ್ಯದ ಸಹಾಯವಿಲ್ಲದೆ ಜನರ ಸ್ವಪ್ರಯತ್ನದಿಂದಲೇ ಆಗಬೇಕು. ರಾಜೇಂದ್ರ ಪ್ರಸಾದರ ನೇತೃತ್ವದ ಶಾಂತಿಸಮಿತಿಯಲ್ಲಿ ಜಮೀಯತ್ ಉಲೇಮಾದವರೂ ಹಿಂದೂ ಮಹಾಸಭೆಯವರೂ ರಾಷ್ಟ್ರೀಯ ಸ್ವಯಂಸೇವಕ ಸಂಘದವರೂ ಸಿಖ್ ಪ್ರತಿನಿಧಿಗಳೂ ಸೇರಿದ್ದರು. ಮೌಲಾನಾ ಆಜಾದರು ಹಣ್ಣಿನ ರಸವನ್ನಿತ್ತು ಉಪವಾಸವನ್ನು ಮುಗಿಸಿದರು. ಎರಡೇ ದಿನಗಳಲ್ಲಿ, ಜನವರಿ 20ರಂದು, ಮದನಲಾಲ್ ಪಾಹ್ವಾ ಎಂಬ ನಿರಾಶ್ರಿತ ತರುಣನು ಪ್ರಾರ್ಥನಾಸ್ಥಳದ ಬಳಿ ಬಾಂಬನ್ನು ಸಿಡಿಸಿದನು. 27ರಂದು ಗಾಂಧೀಜಿಯವರು ಮೆಹ್ರೌಲಿಯ ಉರುಸಿಗೆ ಹೋಗಿಬಂದರು. 30ರಂದು ನಡೆದುದನ್ನು ಬರೆಯಬೇಕಾಗಿಲ್ಲ.

ಈ ಪತ್ರವನ್ನು ಓದುವ ಕನ್ನಡಿಗನಿಗೆ ಶ್ರವಣಬೆಳಗೊಳದ ಒಂದು ಶಾಸನವು ನೆನಪಾಗದಿರದು. ಶಕವರ್ಷ 1290ರಲ್ಲಿ, ಅಂದರೆ ಕ್ರಿ.ಶ. 1368ರಲ್ಲಿ, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಪಟ್ಟಣಗಳ ಜೈನರು ಶ್ರೀವೈಷ್ಣವರಿಂದ ತಮಗಾದ ಅನ್ಯಾಯವನ್ನು ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ರಾಯನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಹದಿನೆಂಟು ನಾಡಿನ ಶ್ರೀವೈಷ್ಣವರ ಕೈಯಲ್ಲಿ ಜೈನರ ಕೈಯನ್ನಿಟ್ಟು ಒಪ್ಪಿಸಿದನು. ಪಾಠಪುಸ್ತಕಗಳಲ್ಲಿ ಕಥೆಯು ಇಷ್ಟಕ್ಕೇ ನಿಲ್ಲುತ್ತದೆ. ಆದರೆ ಶಾಸನವು ಮುಂದುವರಿಯುತ್ತದೆ. ರಾಜ್ಯದ ಜೈನರ ಪ್ರತಿಯೊಂದು ಮನೆಯಿಂದಲೂ ವರ್ಷಕ್ಕೆ ಒಂದು ಹಣವನ್ನು ಎತ್ತಬೇಕು. ಅದರಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಜನ ಆಳುಗಳನ್ನಿಡಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಇದನ್ನು ನಡೆಸತಕ್ಕವನು ತಿರುಮಲೆಯ ತಾತಯ್ಯ. ಎಂದರೆ, ಕಾವಲನ್ನು ನೇಮಿಸುವ ಭಾರವು ವೈಷ್ಣವನಾದ ತಾತಯ್ಯನ ಮೇಲೆಯೇ ಬಿದ್ದಿತು! ಕಾವಲಿನ ವೆಚ್ಚವನ್ನು ಅನ್ಯಾಯಕ್ಕೊಳಗಾದವರೇ ಹೊರಬೇಕಾಯಿತೆಂಬುದು ನಮಗೆ ಒಪ್ಪಿಗೆಯಾಗುವ ಮಾತಲ್ಲ. ಆದರೂ ದುಡ್ಡು ಎಲ್ಲಿಂದ ಬರಬೇಕು, ಯಾರ ಕೈಯಿಂದ ಯಾವುದಕ್ಕೆ ವ್ಯಯವಾಗಬೇಕು ಎಂಬುದು ಅಲ್ಲಿ ಕಲ್ಲಿನ ಮೇಲೆ ನಿಂತಿದೆ. ವೃತ್ತಿಯಿಂದ ಲೆಕ್ಕಪತ್ರಗಳನ್ನು ನೋಡುವ ಈ ಲೇಖಕನಿಗೆ ಕೈಹಿಡಿಸಿದ ದೃಶ್ಯಕ್ಕಿಂತ ಆ ಒಂದು ಹಣವೇ ಹೆಚ್ಚು ಅರ್ಥವತ್ತಾಗಿ ಕಾಣುತ್ತದೆ.

ದೆಹಲಿಯ ಒಡಂಬಡಿಕೆಯಲ್ಲಿ ಇಂಥ ಏರ್ಪಾಟು ಇರಲಿಲ್ಲ. ಪೊಲೀಸರನ್ನು ಬೇಡವೆಂದುದು ಗಾಂಧೀಜಿಯವರ ಧರ್ಮಕ್ಕೆ ತಕ್ಕುದೇ. ಆದರೆ ಖಾಲಿಯಾದ ಮನೆಯಲ್ಲಿ ಆಗಲೇ ಲಾಹೋರಿನಿಂದಲೋ ರಾವಳ್ಪಿಂಡಿಯಿಂದಲೋ ಬಂದ ಕುಟುಂಬವೊಂದು ಒಲೆ ಹೂಡಿದ್ದರೆ, ಮರಳಿ ಬಂದ ಯಜಮಾನನಿಗೆ ಎಡೆಯೆಲ್ಲಿ? ಕಾನೂನು ಪತ್ರಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ನಡೆಯಿತು. 1948ರ ಜುಲೈಯಲ್ಲಿ ಪಶ್ಚಿಮ ಪಾಕಿಸ್ತಾನದಿಂದ ಬರುವವರಿಗೆ ರಹದಾರಿಯನ್ನು ಕಡ್ಡಾಯಮಾಡಿದರು. ಬಿಟ್ಟುಹೋದ ಆಸ್ತಿಯು ಸರಕಾರದ ಪಾಲಕನಾದ ಕಸ್ಟೋಡಿಯನ್ನನಿಗೆ ಸೇರುತ್ತಿತ್ತು. 1949ರ ಆಜ್ಞೆಯಂತೂ ಇನ್ನೂ ಇಲ್ಲಿಯೇ ಇದ್ದು ‘ಹೊರಡಲಿರುವವರು’ ಎಂದು ಭಾವಿಸಲ್ಪಟ್ಟವರನ್ನೂ ಒಳಗೊಂಡಿತು. 1950ರಲ್ಲಿ ಇದೆಲ್ಲ ಕ್ರಮಬದ್ಧ ಕಾಯಿದೆಯಾಯಿತು. 1954ರ ತಿದ್ದುಪಡಿಯಿಂದ ಆ ವರ್ಷದ ಮೇ 7ರ ನಂತರ ಹೊಸದಾಗಿ ಯಾರ ಆಸ್ತಿಯನ್ನೂ ಹೀಗೆ ಘೋಷಿಸುವುದು ನಿಂತಿತು. ಆಗಲೇ ವಶವಾಗಿದ್ದುದನ್ನು ಅದೇ ವರ್ಷದ ಪರಿಹಾರದ ಕಾಯಿದೆಯ ಮೇರೆಗೆ ನಿರಾಶ್ರಿತರಿಗೆ ಹಂಚಿದರು. ನಿರಾಶ್ರಿತನ ನ್ಯಾಯವಾದ ಹಕ್ಕು ನೆರೆಯವನ ನಷ್ಟದಿಂದಲೇ ತೀರಬೇಕಾಯಿತು. ಅಂಥ ಸ್ಥಿತಿಯಲ್ಲಿ ಮತಪಕ್ಷದ ರಾಜಕೀಯಕ್ಕೆ ದ್ವೇಷಭಾಷಣದ ಅಗತ್ಯವೂ ಇರುವುದಿಲ್ಲ. ಮನೆಯ ಹಕ್ಕುಪತ್ರವೇ ಸಾಕಾಗುತ್ತದೆ.

ಚುನಾವಣೆಗಳ ಚರಿತ್ರೆಯನ್ನು ಈ ಬೆಳಕಿನಲ್ಲಿ ನೋಡತಕ್ಕದ್ದು. 1951ರ ಅಕ್ಟೋಬರ್ 21ರಂದು ಈ ನಗರದಲ್ಲಿಯೇ ಸ್ಥಾಪಿತವಾದ ಭಾರತೀಯ ಜನಸಂಘವು, ಪಂಜಾಬಿ ನಿರಾಶ್ರಿತರ ಬೆಂಬಲವಿದ್ದರೂ, ಮೊದಲ ದೆಹಲಿ ವಿಧಾನಸಭೆಯ 48 ಸ್ಥಾನಗಳಲ್ಲಿ 5ನ್ನು ಮಾತ್ರ ಗೆದ್ದಿತು. ಕಾಂಗ್ರೆಸ್ಸಿಗೆ 39 ಬಂದವು. 1961ರ ಉಪಚುನಾವಣೆಯಲ್ಲಿ ಹೊಸದಿಲ್ಲಿ ಕ್ಷೇತ್ರವು ಜನಸಂಘದ ಬಲರಾಜ್ ಮಧೋಕರ ಪಾಲಾಯಿತು. ಮರುವರ್ಷವೇ ಅಲ್ಲಿ ಕಾಂಗ್ರೆಸ್ಸಿನ ಮೆಹರ್ ಚಂದ್ ಖನ್ನಾ ಗೆದ್ದರು. ಅವರು ಸ್ವತಃ ಪೇಶಾವರದಿಂದ ಬಂದ ನಿರಾಶ್ರಿತರು, ಪುನರ್ವಸತಿ ಮಂತ್ರಿಗಳಾಗಿದ್ದವರು. ನಿರಾಶ್ರಿತನ ಮತವು ಕೇವಲ ಮತೀಯವಾದುದೆಂಬ ಅಭಿಪ್ರಾಯವನ್ನು ಈ ಒಂದು ಫಲಿತಾಂಶವೇ ಅಲ್ಲಗಳೆಯುತ್ತದೆ. 1967ರಲ್ಲಿ ಮಾತ್ರ ಕರೋಲ್ ಬಾಗ್ ಸೇರಿದಂತೆ ದೆಹಲಿಯ 7 ಲೋಕಸಭಾ ಸ್ಥಾನಗಳಲ್ಲಿ 6 ಜನಸಂಘಕ್ಕೆ ಹೋದವು.

ಆಸ್ತಿಯ ಆ ಕಾಯಿದೆಗಳನ್ನು ಸಂಸತ್ತು 2005ರಲ್ಲಿ ರದ್ದುಪಡಿಸಿತು. ಕರೋಲ್ ಬಾಗ್ ಲೋಕಸಭಾ ಕ್ಷೇತ್ರವೂ 2008ರ ಪುನರ್ವಿಂಗಡಣೆಯಲ್ಲಿ ಇಲ್ಲವಾಯಿತು. ತಿಬ್ಬಿಯಾ ಕಾಲೇಜಿನಲ್ಲಿ ಈಗಲೂ ಎರಡು ವೈದ್ಯಪದ್ಧತಿಗಳ ಪಾಠವು ನಡೆದಿದೆ.