ಹೆಣ್ಣು ಪಾರ್ಟು

ಹೋದ ವರ್ಷ ಒಂದು ಶುಕ್ರವಾರ ರಾತ್ರಿ, ಆಫೀಸಿನ ಗೆಳೆಯರ ಜೊತೆ ಬೆಂಗಳೂರಿನ ಪಬ್ ಒಂದಕ್ಕೆ ಡ್ರ್ಯಾಗ್ ಶೋ ನೋಡೋಕೆ ಹೋಗಿದ್ದೆ. ಬಾಗಿಲಲ್ಲಿ ಸಾವಿರದೈನೂರು ರೂಪಾಯಿ ಕೊಟ್ಟು, ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿಕೊಂಡು ಒಳಗೆ ಹೋದರೆ, ಆರಡಿ ಎತ್ತರದ ಒಬ್ಬರು ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದು ಹಳೇ ಸಿನಿಮಾ ಹಾಡಿಗೆ ಕುಣೀತಿದ್ದರು. ಜನ ಶಿಳ್ಳೆ ಹಾಕ್ತಿದ್ದರು, ನೋಟು ಚಾಚ್ತಿದ್ದರು. ಪಕ್ಕದಲ್ಲಿದ್ದ ಗೆಳೆಯ ಕಿವಿಯ ಹತ್ತಿರ ಬಂದು, "ನಿಮ್ಮ ತುಮಕೂರು ಕಡೆ ಇದೆಲ್ಲ ನೋಡೋಕಾದ್ರೂ ಸಿಗುತ್ತೇನೋ?" ಅಂದ. ನಾನು ಗುಬ್ಬಿಯವನು. ನಗು ಬಂತು. ಆ ಗದ್ದಲದಲ್ಲಿ ಉತ್ತರ ಹೇಳೋಕಾಗಲಿಲ್ಲ, ಇಲ್ಲಿ ಹೇಳ್ತೀನಿ.

ನಮ್ಮೂರ ದೇವರು ಚನ್ನಬಸವೇಶ್ವರ. ಅವನ ಹೆಸರಲ್ಲೇ 1884ರಲ್ಲಿ ಊರಿನ ಒಂದಷ್ಟು ಜನ ಸೇರಿ ಒಂದು ನಾಟಕ ಕಂಪನಿ ಕಟ್ಟಿದರು. 1891ರಲ್ಲಿ ಹುಟ್ಟಿದ ವೀರಣ್ಣ ಚಿಕ್ಕ ಹುಡುಗನಾಗಿದ್ದಾಗಲೇ ಅದಕ್ಕೆ ಸೇರಿ, 1917ರಲ್ಲಿ ಅದರ ಮಾಲೀಕರಾದರು. ಮುಂದಿನದು ನಿಮಗೂ ಅಷ್ಟಿಷ್ಟು ಗೊತ್ತಿರುತ್ತೆ. ‘ಸದಾರಮೆ’ಯಲ್ಲಿ ಅವರ ಕಳ್ಳನ ಪಾತ್ರ, ‘ಕುರುಕ್ಷೇತ್ರ’ಕ್ಕೆ ರಂಗದ ಮೇಲೆ ಬಂದ ನಿಜವಾದ ಆನೆ ಕುದುರೆ, ಅದೇ ಕಂಪನಿಯಲ್ಲಿ ಬಣ್ಣ ಹಚ್ಚಿದ ರಾಜ್‌ಕುಮಾರ್ ಮತ್ತು ಅವರ ತಂದೆ, ಮನೆ ಬಿಟ್ಟು ಓಡಿಬಂದು ಸೇರಿಕೊಂಡ ಹುಡುಗ ಬಿ.ವಿ. ಕಾರಂತ. ‘ಸದಾರಮೆ’ ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳ ಬೆಳ್ಳಾವೆ ಇರೋದೂ ತುಮಕೂರು ತಾಲ್ಲೂಕಿನಲ್ಲೇ. ಇದನ್ನೆಲ್ಲ ಶಾಲೆಯಲ್ಲಿ ಹೆಮ್ಮೆಯಿಂದ ಹೇಳಿಕೊಟ್ಟರು. ಹೇಳದೆ ಬಿಟ್ಟದ್ದು ಒಂದೇ: ಆ ಕಾಲದ ಕಂಪನಿಗಳಲ್ಲಿ ರಾಣಿ, ದಾಸಿ, ದ್ರೌಪದಿ, ರುಕ್ಮಿಣಿ ಎಲ್ಲರೂ ಗಂಡಸರೇ. ಮೀಸೆ ಮೂಡುವ ಮುಂಚಿನ ಹುಡುಗರು, ಮೂಡಿದ ಮೇಲೆ ದಿನಾ ಕೆರೆದುಕೊಳ್ಳುವ ಗಂಡಸರು.

ಯಾಕೆ ಅಂದ್ರೆ, ಮರ್ಯಾದಸ್ಥರ ಮನೆ ಹೆಂಗಸು ರಂಗಕ್ಕೆ ಬರುವಂತಿರಲಿಲ್ಲ. ಕುಣಿತ, ಹಾಡು ಬಲ್ಲ ಹೆಂಗಸರು ದೇವದಾಸಿ ಮನೆತನದವರು, ಅವರನ್ನು ಕರೆತಂದರೆ ನಾಟಕದ ಮರ್ಯಾದೆ ಹೋಗುತ್ತೆ ಅನ್ನೋ ಲೆಕ್ಕ. ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನೇ ನಿಲ್ಲಿಸಿತು. ಹೀಗೆ ಮರ್ಯಾದೆ ಉಳಿಸೋಕೆ ಹೆಂಗಸರನ್ನು ಹೊರಗಿಟ್ಟ ಜಾಗಕ್ಕೆ ಸೀರೆ ಉಟ್ಟ ಗಂಡಸು ಬಂದ. ಬಂದವನು ಜನರ ಮನಸ್ಸು ಕದ್ದುಬಿಟ್ಟ, ಅದು ಯಾರ ಲೆಕ್ಕದಲ್ಲೂ ಇರಲಿಲ್ಲ. ಮರಾಠಿ ರಂಗಭೂಮಿಯ ಬಾಲಗಂಧರ್ವರ (1888-1967) ಸೀರೆಯ ಶೈಲಿಯನ್ನು ಮುಂಬಯಿ, ಪುಣೆಯ ದೊಡ್ಡ ಮನೆ ಹೆಂಗಸರೇ ನಕಲು ಮಾಡ್ತಿದ್ದರು. ಹೆಣ್ತನ ಹೇಗಿರಬೇಕು ಅಂತ ಹೆಂಗಸರಿಗೆ ಕಲಿಸಿಕೊಟ್ಟದ್ದು ಒಬ್ಬ ಗಂಡಸು!

ಈ ರಾತ್ರಿಗಳಿಗೂ ವರ್ಗ ಇತ್ತು. ಮುಂದೆ ಕುರ್ಚಿ, ಆಮೇಲೆ ಬೆಂಚು, ಆಮೇಲೆ ನೆಲ. ಊಟ ಮುಗಿಸಿ ಬಂದು ಕೂತರೆ ಆಟ ಮುಗಿಯೋದು ಸರಿರಾತ್ರಿ ದಾಟಿದ ಮೇಲೆ. ಕುರ್ಚಿಯವರು ಹೊಗಳೋದು ಸಂಗೀತವನ್ನು. ನೆಲದವರು ಕೂಗೋದು "ವನ್ಸ್ ಮೋರ್!" ಪಾತ್ರಧಾರಿ ಸತ್ತು ಬಿದ್ದಿದ್ದರೂ ಎದ್ದು ಬಂದು ಮತ್ತೆ ಹಾಡಬೇಕು. ಕಂಪನಿಗಳನ್ನು ಸಾಕಿದ್ದು ಈ ನೆಲದ ಕೂಗು ಅಂತ ನನ್ನ ಅಭಿಪ್ರಾಯ.

ಇನ್ನೊಂದು ಕಡೆ ನೋಡಿ. ವೀರಣ್ಣನವರು ಮಾಲೀಕರಾದ ಎರಡೇ ವರ್ಷಕ್ಕೆ, 1919ರಲ್ಲಿ, ಹೈದರಾಬಾದ್ ನಿಜಾಮರ ಸರ್ಕಾರ ಒಂದು ಕಾನೂನು ತಂದಿತು. ಹಿಜಡಾಗಳ ಹೆಸರನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು, ಅವರು ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ, ಕುಣಿದರೆ ಜೈಲು. ನಮ್ಮ ಬೀದರ್, ಕಲಬುರಗಿ, ರಾಯಚೂರು ಆಗ ಆ ಸರ್ಕಾರದ ಕೆಳಗೇ ಇದ್ದವು. ಅಂದರೆ ಅದೇ ದಿನಗಳಲ್ಲಿ, ಟಿಕೆಟ್ ಇಟ್ಟು ಪರದೆ ಕಟ್ಟಿದ ಕಡೆ ಸೀರೆ ಉಟ್ಟವನಿಗೆ ಚಪ್ಪಾಳೆ, ಪರದೆ ಇಲ್ಲದ ಕಡೆ ಉಟ್ಟವರಿಗೆ ಪೊಲೀಸು. ಇದು ಹಳೇ ಕಥೆ ಅಂದುಕೊಳ್ಳಬೇಡಿ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅನ್ನೋ ಕಲಮು ಸೇರಿಸಿ ಮತ್ತೆ ಅಂಥದ್ದೇ ರಿಜಿಸ್ಟರ್ ಇಡೋ ಅಧಿಕಾರ ಕೊಟ್ಟರು. ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ ಆ ಪದವನ್ನು ತೆಗೆಯಬೇಕಾಯ್ತು. ನಾನಾಗ ಇಂಜಿನಿಯರಿಂಗ್ ಓದ್ತಿದ್ದೆ, ಸುದ್ದಿಯೂ ಗೊತ್ತಿರಲಿಲ್ಲ.

ಆಮೇಲೆ ಗುಬ್ಬಿ ಕಂಪನಿಗೆ ಬಿ. ಜಯಮ್ಮ, ಸುಂದರಮ್ಮ ಅವರಂಥ ನಟಿಯರು ಬಂದರು. ಹೆಂಗಸರು ರಂಗಕ್ಕೆ ಬಂದದ್ದು ದೊಡ್ಡ ಮಾತು, ವೀರಣ್ಣನವರಿಗೆ ಆ ಮಟ್ಟಿಗೆ ಕೈಮುಗೀಬೇಕು. ಆದರೆ ಒಳ್ಳೆಯದೊಂದು ನಡೆದಾಗ ಯಾರೋ ಒಬ್ಬ ಸದ್ದಿಲ್ಲದೆ ಕೆಲಸ ಕಳಕೊಳ್ಳೋದೂ ಉಂಟು. ಇತ್ತ ಓದಿದವರ ಬೆಂಗಳೂರಿನಲ್ಲಿ ಕೈಲಾಸಂ ಕಾಲದಿಂದ ನಾಟಕ ಅಂದ್ರೆ ‘ಸಹಜ’ವಾಗಿರಬೇಕು ಅನ್ನೋ ಅಭಿರುಚಿ ಬೆಳೆಯಿತು. ಹಾಡು, ಝಗಮಗ, ಕಣ್ಣು ಹೊಡೆಯೋ ದಾಸಿ, ಎಲ್ಲ ಕೀಳಾಯ್ತು. "ಕಂಪನಿ ನಾಟಕ ಆಡಬೇಡ" ಅಂತ ನಮ್ಮ ಮ್ಯಾನೇಜರು ಇವತ್ತಿಗೂ ಬೈತಾರೆ, ಪಾಪ, ಒಂದು ಕಂಪನಿ ನಾಟಕವನ್ನೂ ನೋಡಿದವರಲ್ಲ.

ಪೇಟೆಯಲ್ಲಿ ಸತ್ತದ್ದು ಹಳ್ಳಿಯಲ್ಲಿ ಇನ್ನಷ್ಟು ದಿನ ಬದುಕಿತು. ನಮ್ಮ ತಾಯಿಯ ತವರು ಕುಣಿಗಲ್ ಹತ್ತಿರದ ಒಂದು ಹಳ್ಳಿ. ಆ ಕಡೆಯ ಪೌರಾಣಿಕ ನಾಟಕದ ಏರ್ಪಾಡು ಗೊತ್ತಿಲ್ಲದವರಿಗೆ ವಿಚಿತ್ರ ಅನ್ನಿಸಬಹುದು. ಪಾರ್ಟು ಮಾಡೋರಿಗೆ ಯಾರೂ ದುಡ್ಡು ಕೊಡಲ್ಲ, ಅವರೇ ಕೊಡಬೇಕು. ಕೃಷ್ಣ, ದುರ್ಯೋಧನನಿಗೆ ರೇಟು ಜಾಸ್ತಿ, ವಿದುರನಿಗೆ ಕಮ್ಮಿ. ಆ ದುಡ್ಡಲ್ಲೇ ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಮೈಕು, ಲೈಟು. ದುರ್ಯೋಧನ ಆಗೋಕೆ ಪೈಪೋಟಿ. ದ್ರೌಪದಿಗೆ ಮಾತ್ರ ಗಿರಾಕಿ ಇರ್ತಿರಲಿಲ್ಲ, ನನ್ನ ಸೋದರಮಾವ ಒಬ್ಬನನ್ನು ಬಿಟ್ಟು.

ಮಾವ ಬಟ್ಟೆ ಹೊಲೀತಿದ್ದ. ವರ್ಷವೆಲ್ಲ ತಲೆ ತಗ್ಗಿಸಿ ಮಿಷನ್ ತುಳಿಯೋನು, ಆ ಒಂದು ರಾತ್ರಿ ಮಾತ್ರ ತಲೆ ಎತ್ತೋನು. ನಾನು ನೋಡಿದಾಗ ನನಗೆ ಏಳೋ ಎಂಟೋ. ತುಂಬಿದ ಸಭೆಯಲ್ಲಿ ಅವನು ಮುಡಿ ಬಿಚ್ಚಿ ನಿಂತಾಗ, ಹಗಲೆಲ್ಲ ಅವನ ನಡಿಗೆ ಅಣಕಿಸ್ತಿದ್ದ ಅದೇ ಗಂಡಸರು ಕಣ್ಣೊರೆಸಿಕೊಂಡರು. ಒಬ್ಬರು ನೋಟಿನ ಹಾರ ಹಾಕಿದರು. ಬೆಳಗ್ಗೆ ಅವನು ಕೆನ್ನೆಯ ಬಣ್ಣ ಪೂರ್ತಿ ತೊಳೆಯದೆ ಹಾಗೇ ಅಂಗಡಿ ಬಾಗಿಲು ತೆಗೆದ.

ಕೆಲವು ವರ್ಷ ಆದ ಮೇಲೆ, ಪಕ್ಕದೂರಿನವರು ತುಮಕೂರಿಂದ ನಟಿಯರನ್ನು ಕರೆಸಿದರು ಅಂತ ನಮ್ಮವರೂ ಕರೆಸಿದರು. "ಗಂಡಸು ಸೀರೆ ಉಟ್ರೆ ಈಗ ಜನ ನಗ್ತಾರೆ ಕಣಪ್ಪ" ಅಂದರಂತೆ. ಆ ವರ್ಷ ಮಾವ ಪರದೆ ಹಿಂದೆ ಕೂತು ಆಯಮ್ಮನಿಗೆ ಸೀರೆಯ ನೆರಿಗೆ ಹಿಡಿದುಕೊಟ್ಟ, ಮಾತು ಮರೆತಾಗ ಎತ್ತಿಕೊಟ್ಟ. ಮುಂದಿನ ವರ್ಷದಿಂದ ನಾಟಕದ ಕಡೆ ಹೋಗಲಿಲ್ಲ. ಮದುವೆ ಆಗಲಿಲ್ಲ. ತೀರಿಕೊಂಡು ಒಂಬತ್ತು ವರ್ಷ ಆಯ್ತು.

ಅವನು ಏನಾಗಿದ್ದ ಅಂತ ತೀರ್ಪು ಕೊಡೋಕೆ ನಾನ್ಯಾರು? ಹೆಣ್ಣು ಪಾರ್ಟು ಮಾಡಿದವರನ್ನೆಲ್ಲ ಇವತ್ತಿನ ಹೆಸರಿನಿಂದ ಕರೆಯೋದೂ ತಪ್ಪು, ಎಷ್ಟೋ ಜನಕ್ಕೆ ಅದು ಬರೀ ಹೊಟ್ಟೆಪಾಡು. ನನ್ನ ವಿಷಯವನ್ನು ಮಾತ್ರ ನಾನು ಹೇಳಬಲ್ಲೆ. ಹೇಳೋಕೆ ನನಗೆ ಮೂವತ್ತೆರಡು ವರ್ಷ ಬೇಕಾಯ್ತು. ಗಂಡು ಪಾರ್ಟು ಮಾಡಿದ ಆರ್. ನಾಗರತ್ನಮ್ಮ 1958ರಲ್ಲೇ ಬರೀ ಹೆಂಗಸರ ಸ್ತ್ರೀ ನಾಟಕ ಮಂಡಳಿ ಕಟ್ಟಿ ಭೀಮ, ಕಂಸರನ್ನು ಗೆದ್ದುಕೊಂಡರು, 2012ರಲ್ಲಿ ಪದ್ಮಶ್ರೀ ಪಡೆದರು. 2021ರಲ್ಲಿ ಮಂಜಮ್ಮ ಜೋಗತಿ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದು ಪದ್ಮಶ್ರೀ ತಗೊಂಡಾಗ, ನಮ್ಮ ಮನೆಯಲ್ಲಿ ಟಿವಿ ಮುಂದೆ ಎಲ್ಲರೂ ಇದ್ದೆವು. ಮಾವನ ಹೆಸರನ್ನು ಯಾರೂ ಎತ್ತಲಿಲ್ಲ.

ಪಬ್‌ನಿಂದ ಬಂದ ವಾರ ಊರಿಗೆ ಹೋಗಿ ಅಮ್ಮನನ್ನು ಕೇಳಿದೆ, ಮಾವನ ದ್ರೌಪದಿ ಫೋಟೋ ಎಲ್ಲಿ ಅಂತ. ಅಜ್ಜಿ ಮನೆ ಗೋಡೆಯಿಂದ ಅದನ್ನು ಯಾವಾಗಲೋ ಇಳಿಸಿದ್ದರು. ಅಮ್ಮ ಮಾತಾಡದೆ ಬೀರುವಿನ ಸೀರೆಗಳ ಅಡಿಯಿಂದ ಹೊರಗೆ ತೆಗೆದಳು. ಕಟ್ಟು ಇಲ್ಲ, ಒಂದು ಮೂಲೆ ಗೆದ್ದಲು ತಿಂದಿದೆ. ಬಹಳ ಹೊತ್ತು ನೋಡಿದ ಮೇಲೆ, "ಈ ಕುಪ್ಪಸ ನಂದು ಕಣೋ," ಅಂದಳು. "ಮದುವೇದು. ಅವನೇ ಹೊಲಿದಿದ್ದು. ಅವನಿಗೆ ಅಂತ ಆಮೇಲೆ ಕಂಕುಳಲ್ಲಿ ಬಿಚ್ಚಿ ನಾನೇ ದೊಡ್ಡದು ಮಾಡಿಕೊಟ್ಟೆ."