ಸಾರಜನಕ ಚಕ್ರ

ಸಾರಜನಕವು ಗಾಳಿ, ಮಣ್ಣು, ನೀರು ಮತ್ತು ಜೀವಿಗಳ ನಡುವೆ ರೂಪ ಬದಲಿಸುತ್ತ ಸಾಗುವ ಕ್ರಮವೇ ಸಾರಜನಕ ಚಕ್ರ. ವಾತಾವರಣದ ಸುಮಾರು ಶೇ. 78ರಷ್ಟು ಈ ಅನಿಲವೇ ಇದ್ದರೂ ಬೆಳೆಗೆ ಹೆಚ್ಚಾಗಿ ಕೊರತೆಯಾಗುವ ಪೋಷಕಾಂಶವೂ ಇದೇ. ಗಾಳಿಯಲ್ಲಿ ಇದರ ಪರಮಾಣುಗಳು ಎರಡೆರಡಾಗಿ, ತ್ರಿಬಂಧದಿಂದ ಬಿಗಿದುಕೊಂಡಿವೆ. ಆ ಬಿಗಿತ ಬಿಡಿಸುವ ಶಕ್ತಿ ಗಿಡಕ್ಕೂ ಇಲ್ಲ, ಪ್ರಾಣಿಗೂ ಇಲ್ಲ. ಆದ್ದರಿಂದ ಈ ಚಕ್ರವನ್ನು ಒಂದೇ ಸಮನೆ ಉರುಳುವ ಗಾಲಿ ಎನ್ನುವುದಕ್ಕಿಂತ, ಒಳಬರಲೊಂದು, ಹೊರಹೋಗಲೊಂದು ಕಿರುಬಾಗಿಲಿರುವ ಕಣಜ ಎನ್ನುವುದು ಹೆಚ್ಚು ಸರಿ. ಕಣಜದಲ್ಲಿ ಎಷ್ಟಿದೆ ಎಂಬುದಷ್ಟೇ ಮುಖ್ಯವಲ್ಲ. ಬೇರಿಗೆ ಬೇಕಾದ ಹೊತ್ತಿಗೆ ಅದು ಸಿಗುತ್ತದೆಯೇ ಎಂಬುದೇ ಮುಖ್ಯ.

ಮಿಂಚಿನಿಂದ ಸ್ವಲ್ಪ ಸಾರಜನಕ ನೆಲಕ್ಕಿಳಿಯುತ್ತದೆ. ನಿಸರ್ಗದಲ್ಲಿ ಉಳಿದದ್ದೆಲ್ಲ ಬಹುಪಾಲು ಬ್ಯಾಕ್ಟೀರಿಯಗಳ ದುಡಿಮೆ. ಹೂಬಿಡುವ ಹೊತ್ತಿನ ಅಲಸಂದೆ ಗಿಡವನ್ನು ಹಸಿಮಣ್ಣಿನಿಂದ ಮೆಲ್ಲನೆ ಕಿತ್ತರೆ ಬೇರಿನುದ್ದಕ್ಕೂ ಸಣ್ಣ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ತಿಳಿಗೆಂಪು. ಅದು ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಹತ್ತಿರದ ವಸ್ತು. ಗಂಟಿನಲ್ಲಿ ನೆಲೆಸಿ ಗಾಳಿಯ ಸಾರಜನಕ ಹಿಡಿಯುವ ರೈಜೋಬಿಯಂ ಬ್ಯಾಕ್ಟೀರಿಯದ ಕಿಣ್ವವನ್ನು ಆಮ್ಲಜನಕ ಕೆಡಿಸದಂತೆ ಕಾಯುತ್ತದೆ. ಈ ಗಂಟುಗಳ ಕೆಲಸವನ್ನು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ಟ್ 1880ರ ದಶಕದಲ್ಲಿ ಸಾಬೀತುಪಡಿಸಿದರು. ಹಾಗಾದರೆ ದ್ವಿದಳ ಧಾನ್ಯ ಬಿತ್ತಿದರೆ ಸಾಕಲ್ಲವೇ ಎಂದರೆ, ಸಾಲದು. ಹಿಡಿದಿಟ್ಟದ್ದರಲ್ಲಿ ದೊಡ್ಡ ಪಾಲು ಕಾಳಿನೊಂದಿಗೆ ಹೊಲ ಬಿಟ್ಟು ಹೋಗುತ್ತದೆ. ಮಣ್ಣಿಗೆ ದಕ್ಕುವುದು ಬೇರು ಮತ್ತು ಉದುರಿದ ಎಲೆಯಲ್ಲಿ ಉಳಿದದ್ದು. ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುವ ಪದ್ಧತಿಯ ಬೆಲೆಯನ್ನೂ ಈ ಲೆಕ್ಕದಲ್ಲೇ ಅಳೆಯಬೇಕು.

ಸತ್ತ ಎಲೆ, ಸಗಣಿ, ಗಂಜಲ ಕೊಳೆತಾಗ ಅಮೋನಿಯ ಹುಟ್ಟುತ್ತದೆ. ಕೊಟ್ಟಿಗೆಯಲ್ಲಿ ಮೂಗಿಗೆ ಹೊಡೆಯುವ ಘಾಟು ಅದರದೇ. ಮಣ್ಣಿನ ಬೇರೆ ಬ್ಯಾಕ್ಟೀರಿಯಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಬೇರು ಇದನ್ನು ಸಲೀಸಾಗಿ ಹೀರುತ್ತದೆ, ಆದರೆ ಜೇಡಿಯ ಕಣಗಳು ಹಿಡಿದುಕೊಳ್ಳುವುದಿಲ್ಲ. ಜೋರು ಮಳೆ ಬಂದರೆ ಅಂತರ್ಜಲಕ್ಕೆ ಇಳಿದುಹೋಗುತ್ತದೆ. ಗಾಳಿಯಾಡದ ಗದ್ದೆಯ ಕೆಸರಿನಲ್ಲಿ ಮತ್ತೊಂದು ಗುಂಪಿನ ಬ್ಯಾಕ್ಟೀರಿಯಗಳು ನೈಟ್ರೇಟಿನ ಆಮ್ಲಜನಕ ಕಸಿದು, ಸಾರಜನಕವನ್ನು ಗಾಳಿಗೆ ಮರಳಿಸುತ್ತವೆ. ಈ ದಾರಿಯಲ್ಲಿ ತಪ್ಪಿಸಿಕೊಳ್ಳುವ ನೈಟ್ರಸ್ ಆಕ್ಸೈಡ್, ತೂಕಕ್ಕೆ ತೂಕ ಹೋಲಿಸಿದರೆ, ಇಂಗಾಲದ ಡೈಆಕ್ಸೈಡಿಗಿಂತ ನೂರಾರು ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ.

ಫ್ರಿಟ್ಸ್ ಹೇಬರ್ 1909ರಲ್ಲಿ ತೋರಿಸಿಕೊಟ್ಟ ಅಮೋನಿಯ ತಯಾರಿಕೆ 1913ರಲ್ಲಿ ಜರ್ಮನಿಯ ಒಪ್ಪಾವ್‌ನಲ್ಲಿ ಕಾರ್ಖಾನೆಯ ಮಟ್ಟಕ್ಕೇರಿತು. ಕಣಜದ ಒಳಬರುವ ಬಾಗಿಲು ಏಕಾಏಕಿ ಅಗಲವಾಯಿತು. ನೈಟ್ರೇಟ್ ಈ ಅಮೋನಿಯದಿಂದ ತಯಾರಾಗುವ ಯೂರಿಯದಿಂದ ಬಂದರೂ ತಿಪ್ಪೆಯಿಂದ ಬಂದರೂ ಗಿಡಕ್ಕೆ ಒಂದೇ ಎಂಬ ವಾದವಿದೆ. ಅದು ನಿಜ. ಇಂದಿನ ಜನಸಂಖ್ಯೆಗೆ ಅನ್ನ ಒದಗಿಸಲು ಕಾರ್ಖಾನೆಯ ಗೊಬ್ಬರ ಬೇಕು ಎಂಬುದೂ ನಿಜ. ವ್ಯತ್ಯಾಸವಿರುವುದು ವೇಗದಲ್ಲಿ: ಕೊಟ್ಟಿಗೆ ಗೊಬ್ಬರ ತಿಂಗಳುಗಟ್ಟಲೆ ಕರಗುತ್ತದೆ, ಶೇ. 46ರಷ್ಟು ಸಾರಜನಕವಿರುವ ಯೂರಿಯ ಕೆಲವೇ ದಿನಗಳಲ್ಲಿ ಅಮೋನಿಯವಾಗಿ ಒಡೆಯುತ್ತದೆ. ಎಳೆಯ ಪೈರಿಗೆ ಅಷ್ಟು ಬೇಗ ಅಷ್ಟೆಲ್ಲ ಉಣ್ಣಲಾಗದು. ಭತ್ತಕ್ಕೆ ಯೂರಿಯವನ್ನು ನಾಟಿಯ ಹೊತ್ತಿಗೆ, ತೆಂಡೆ ಒಡೆಯುವಾಗ, ತೆನೆ ಮೂಡುವ ಮುನ್ನ ಎಂದು ಹಂಚಿಕೊಡುವುದು ಇದಕ್ಕಾಗಿಯೇ. 2015ರಲ್ಲಿ ಭಾರತದ ಯೂರಿಯ ಕಾರ್ಖಾನೆಗಳಿಗೆ ಕಡ್ಡಾಯವಾದ ಬೇವಿನೆಣ್ಣೆಯ ಲೇಪವೂ ನೈಟ್ರೇಟ್ ಆಗುವ ವೇಗವನ್ನು ತಗ್ಗಿಸಿ, ಬೇರಿಗೆ ಕೆಲವು ದಿನಗಳ ಬಿಡುವು ಕೊಡುತ್ತದೆ.