ಜಾಲತಾಣಗಳ ಮರುವಿನ್ಯಾಸ: ಬಳಕೆದಾರರ ಪ್ರತಿರೋಧ ಮತ್ತು ಹಳೆಯ ಬ್ರೌಸರ್‌ಗಳ ತೊಡಕು

ಜಾಲತಾಣವೊಂದರ ನೋಟ, ಪುಟಗಳ ಜೋಡಣೆ, ಹಿಂದೆ ಕೆಲಸ ಮಾಡುವ ತಂತ್ರಾಂಶ ಇವನ್ನೆಲ್ಲ ಒಟ್ಟಾಗಿ ಬದಲಿಸುವುದಕ್ಕೆ ಮರುವಿನ್ಯಾಸ ಎನ್ನುತ್ತಾರೆ. ಗೋಡೆಗೆ ಬಣ್ಣ ಬಳಿದಷ್ಟು ಸಣ್ಣ ಕೆಲಸವೂ ಇದೇ, ಅಡಿಪಾಯ ಅಗೆದು ಮತ್ತೆ ಕಟ್ಟುವ ಕೆಲಸವೂ ಇದೇ. ಜನ ಬಂದು ಓದಿ ಹೋಗುವ ತಾಣದಲ್ಲಿ ಇದು ಅಷ್ಟಾಗಿ ಸದ್ದು ಮಾಡುವುದಿಲ್ಲ. ಜನ ದಿನವೂ ಬಂದು ಬರೆಯುವ, ವಾದಿಸುವ, ಮತ ಹಾಕುವ ತಾಣಗಳಲ್ಲಿ ಮಾತ್ರ ಊರ ಅರಳಿಕಟ್ಟೆಯನ್ನು ರಾತ್ರೋರಾತ್ರಿ ಕಿತ್ತು ಬೇರೆಡೆ ಇಟ್ಟಂತಾಗುತ್ತದೆ.

ಜನಕ್ಕೆ ಹೊಸದು ಬೇಗ ಹಿಡಿಸುವುದಿಲ್ಲ, ನಾಲ್ಕು ದಿನ ಕಳೆದರೆ ಒಗ್ಗಿಕೊಳ್ಳುತ್ತಾರೆ ಎಂಬುದು ತಾಣ ನಡೆಸುವವರು ಹೇಳಿಕೊಳ್ಳುವ ಸಮಾಧಾನ. ನಡೆದ ಪ್ರಸಂಗಗಳನ್ನು ಬಿಡಿಸಿ ನೋಡಿದರೆ ಇದು ಅರ್ಧ ಮಾತ್ರ ನಿಜ. ಕೈಗೆ ಕೂತ ಅಭ್ಯಾಸ ತಪ್ಪಿದ ಕಿರಿಕಿರಿ ಒಂದು ಬಗೆಯದು. ಕೈಯಲ್ಲಿದ್ದ ಅಧಿಕಾರ ಹೋಯಿತೆಂಬ ಸಿಟ್ಟು ಇನ್ನೊಂದು ಬಗೆಯದು. ಹೊಸ ಪುಟವೇ ತೆರೆಯದವರ ಪಾಡು ಈ ಎರಡಕ್ಕಿಂತ ಬೇರೆ, ಮತ್ತು ಅದು ಹೊರಗೆ ಕೇಳಿಸುವುದು ತೀರ ಕಡಿಮೆ.

ಡಿಗ್ ಕುಸಿದ ಬಗೆ

ಮರುವಿನ್ಯಾಸದ ಇತಿಹಾಸದಲ್ಲಿ ಹೆಚ್ಚು ಚರ್ಚೆಗೊಳಗಾದ ಹೆಸರು ಅಮೆರಿಕದ ಡಿಗ್. ಕೆವಿನ್ ರೋಸ್ ಮತ್ತು ಗೆಳೆಯರು 2004ರಲ್ಲಿ ಆರಂಭಿಸಿದ ಈ ತಾಣದಲ್ಲಿ ಸುದ್ದಿಯ ಕೊಂಡಿಗಳನ್ನು ತಂದು ಹಾಕುತ್ತಿದ್ದವರು ಬಳಕೆದಾರರೇ. ಮೆಚ್ಚಿದ್ದನ್ನು ಮೇಲೆತ್ತಲು ಒಂದು ಗುಂಡಿ, ಬೇಡವಾದದ್ದನ್ನು ಹೂತುಹಾಕಲು ಮತ್ತೊಂದು. ಮುಖಪುಟದಲ್ಲಿ ಯಾವ ಸುದ್ದಿ ನಿಲ್ಲಬೇಕೆಂಬುದು ಈ ಎರಡು ಗುಂಡಿಗಳ ಹಗ್ಗಜಗ್ಗಾಟದಲ್ಲಿ ತೀರ್ಮಾನವಾಗುತ್ತಿತ್ತು. ದೊಡ್ಡ ಪತ್ರಿಕೆಯ ಸಂಪಾದಕರಿಗೆ ಮಾತ್ರ ಇದ್ದ ಅಧಿಕಾರ ಇಲ್ಲಿ ಸಾಮಾನ್ಯ ಓದುಗರ ಕೈಗೆ ಬಂದಿತ್ತು.

2010ರ ಆಗಸ್ಟ್ 25ರಂದು ತಾಣದ ನಾಲ್ಕನೆಯ ಆವೃತ್ತಿ ಬಂತು. ಹೂತುಹಾಕುವ ಗುಂಡಿ ಕಾಣೆಯಾಗಿತ್ತು. ಪ್ರಕಾಶನ ಸಂಸ್ಥೆಗಳು ತಮ್ಮ ಸುದ್ದಿಗಳು ತಾವಾಗಿಯೇ ಬಂದು ಬೀಳುವಂತೆ ಜೋಡಿಸಿಕೊಳ್ಳಬಹುದಾಗಿತ್ತು. ಸಾಲದ್ದಕ್ಕೆ ಹೊಸ ತಂತ್ರಾಂಶ ಭಾರ ತಡೆಯದೆ ಪದೇಪದೇ ಬಿದ್ದುಹೋಗುತ್ತಿತ್ತು. ಬಳಕೆದಾರರ ಉತ್ತರ ಬರಲು ವಾರವೂ ಬೇಕಾಗಲಿಲ್ಲ. ಆಗಸ್ಟ್ 30ನ್ನು ಡಿಗ್ ಬಿಡುವ ದಿನವೆಂದು ಸಾರಿದರು, ಪ್ರತಿಸ್ಪರ್ಧಿ ರೆಡ್ಡಿಟ್‌ನ ಕೊಂಡಿಗಳನ್ನೇ ಮೇಲೆತ್ತಿ ಡಿಗ್‌ನ ಮುಖಪುಟ ತುಂಬಿಸಿದರು. ತೆಗೆದ ಗುಂಡಿಯನ್ನು ಕಂಪನಿ ಆಮೇಲೆ ಮರಳಿ ತಂದಿತು. ಅಷ್ಟರಲ್ಲಿ ಹೋದವರು ಹೋಗಿಯಾಗಿತ್ತು. 2012ರ ಜುಲೈನಲ್ಲಿ ತಾಣವನ್ನು ಬೀಟಾವರ್ಕ್ಸ್ ಎಂಬ ಕಂಪನಿ ಕೊಂಡಿತು. ಬೆಲೆ ಸುಮಾರು 5 ಲಕ್ಷ ಡಾಲರ್ ಎಂದು ಆಗ ವರದಿಯಾಯಿತು.

ಡಿಗ್ ಬಿಟ್ಟವರು ಬಣ್ಣವನ್ನೋ ಅಕ್ಷರದ ಗಾತ್ರವನ್ನೋ ನೆಪ ಮಾಡಿಕೊಂಡು ಹೋದವರಲ್ಲ. ವರ್ಷಗಟ್ಟಲೆ ದುಡಿದು ಆ ಮುಖಪುಟವನ್ನು ಕಟ್ಟಿದ್ದವರು, ಅದು ಇನ್ನು ತಮ್ಮದಲ್ಲ ಎಂದು ಕಂಡುಕೊಂಡು ಹೊರಟರು.

ಇದಕ್ಕೆ ನಾಲ್ಕು ವರ್ಷ ಮೊದಲು, 2006ರ ಸೆಪ್ಟೆಂಬರ್‌ನಲ್ಲಿ, ಫೇಸ್‌ಬುಕ್ ನ್ಯೂಸ್ ಫೀಡ್ ತಂದಾಗಲೂ ಗಲಾಟೆ ಎದ್ದಿತ್ತು. ಗೆಳೆಯರು ಎಲ್ಲಿ ಏನು ಬದಲಿಸಿದರು ಎಂಬುದೆಲ್ಲ ಒಂದೇ ಕಡೆ ಸಾಲಾಗಿ ಕಾಣತೊಡಗಿದ್ದು ಹಲವರಿಗೆ ಕಣ್ಗಾವಲಿನಂತೆ ತೋರಿತು. ಫೇಸ್‌ಬುಕ್ ಒಳಗೇ ಹುಟ್ಟಿದ ವಿರೋಧಿ ಗುಂಪಿಗೆ ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಜನ ಸೇರಿದರು. ಮಾರ್ಕ್ ಜುಕರ್‌ಬರ್ಗ್ ತಪ್ಪೊಪ್ಪಿಕೊಂಡು, ಯಾವುದು ಕಾಣಬೇಕು, ಯಾವುದು ಬೇಡ ಎಂದು ಬಳಕೆದಾರರೇ ಆಯ್ದುಕೊಳ್ಳುವ ವ್ಯವಸ್ಥೆ ಕೊಟ್ಟರು. ಫೀಡ್ ಉಳಿಯಿತು. ಹಿಡಿತದ ಒಂದು ಪಾಲು ಬಳಕೆದಾರರಿಗೆ ಮರಳಿದ್ದರಿಂದ ಜನರೂ ಉಳಿದರು.

ತಂತ್ರಜ್ಞಾನಪ್ರಿಯರ ಹಳೆಯ ಕಟ್ಟೆಯಾದ ಸ್ಲ್ಯಾಷ್‌ಡಾಟ್‌ನಲ್ಲಿ 2014ರ ಫೆಬ್ರುವರಿಯಲ್ಲಿ ಹೊಸ ವಿನ್ಯಾಸದ ವಿರುದ್ಧ ಒಂದು ವಾರದ ಬಹಿಷ್ಕಾರ ನಡೆಯಿತು. ಅದೇ ತಿಂಗಳು ಒಂದಷ್ಟು ಮಂದಿ ಹೊರಬಂದು ಸಾಯ್ಲೆಂಟ್‌ನ್ಯೂಸ್ ಎಂಬ ಸ್ವಂತ ತಾಣ ಕಟ್ಟಿಕೊಂಡರು. 2018ರಲ್ಲಿ ಹೊಸ ರೂಪ ತಂದ ರೆಡ್ಡಿಟ್, ಹಳೆಯ ರೂಪವನ್ನು ಬೇರೊಂದು ವಿಳಾಸದಲ್ಲಿ ಉಳಿಸಿಕೊಟ್ಟಿತು. ಇಂಗ್ಲಿಷ್ ವಿಕಿಪೀಡಿಯ 2023ರ ಜನವರಿ 18ರಂದು ವೆಕ್ಟರ್ 2022 ಎಂಬ ಹೊದಿಕೆಗೆ ಬದಲಾದಾಗ, ಸಾಲುಗಳು ಕಿರಿದಾದವು, ಎರಡೂ ಬದಿ ಬಿಳಿ ಜಾಗ ಹಾಳುಬಿದ್ದಿದೆ ಎಂಬ ದೂರು ದೊಡ್ಡದಾಗಿ ಕೇಳಿಬಂತು. ಹಿಂದಕ್ಕೆ ಹೋಗಬೇಕೆಂಬ ಪ್ರಸ್ತಾವದ ಮೇಲೆ ಸಂಪಾದಕರು ಉದ್ದಕ್ಕೂ ಚರ್ಚಿಸಿದರು, ಒಮ್ಮತ ಮೂಡಲಿಲ್ಲ. ಖಾತೆ ಇದ್ದವರು ಹಳೆಯ ಹೊದಿಕೆಯನ್ನೇ ಆಯ್ದುಕೊಳ್ಳುವ ಅವಕಾಶ ಮಾತ್ರ ಮೊದಲಿನಿಂದಲೂ ಇತ್ತು.

ಬಿಟ್ಟುಹೋಗುವ ದಾರಿ ಇಲ್ಲದಾಗ

ಡಿಗ್ ಬೇಡವಾದವರಿಗೆ ರೆಡ್ಡಿಟ್ ಇತ್ತು. ಸರ್ಕಾರದ ಜಾಲತಾಣ ಬದಲಾದಾಗ ನಾಗರಿಕರಿಗೆ ಆ ಅನುಕೂಲವಿಲ್ಲ. ಭಾರತದ ಆದಾಯ ತೆರಿಗೆ ಇಲಾಖೆಯ ಹೊಸ ಪೋರ್ಟಲ್ 2021ರ ಜೂನ್ 7ರಂದು ಆರಂಭವಾಯಿತು. ಕಟ್ಟಿದ್ದು ಬೆಂಗಳೂರಿನ ಇನ್ಫೋಸಿಸ್. ಲಾಗಿನ್ ಆಗುತ್ತಿಲ್ಲ, ಒಟಿಪಿ ಬರುತ್ತಿಲ್ಲ ಎಂಬ ದೂರುಗಳು ಮೊದಲ ದಿನದಿಂದಲೇ ಸುರಿದವು. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಮರುದಿನವೇ ಟ್ವಿಟರ್‌ನಲ್ಲಿ ಇನ್ಫೋಸಿಸ್‌ನ ಗಮನ ಸೆಳೆದರು. ಆಗಸ್ಟ್ 23ರಂದು ಕಂಪನಿಯ ಮುಖ್ಯಸ್ಥ ಸಲೀಲ್ ಪಾರೇಖ್ ಅವರನ್ನು ಸಚಿವಾಲಯಕ್ಕೆ ಕರೆಸಿ ವಿವರಣೆ ಕೇಳಲಾಯಿತು. ರಿಟರ್ನ್ಸ್ ಸಲ್ಲಿಸುವ ಕೊನೆಯ ದಿನ ಕಡೆಗೆ ಡಿಸೆಂಬರ್ 31ಕ್ಕೆ ಹೋಯಿತು. ಅಷ್ಟೂ ದಿನ ಲೆಕ್ಕ ಪರಿಶೋಧಕರ ಕಚೇರಿಗಳಲ್ಲಿ ಒಂದೇ ಅರ್ಜಿಯನ್ನು ಮತ್ತೆ ಮತ್ತೆ ತುಂಬಿದವರ ಸಂಕಟವನ್ನು ಹೊಸದಕ್ಕೆ ಒಗ್ಗದ ಹಟ ಎನ್ನುವುದು ಅನ್ಯಾಯ.

ಹಳೆಯ ಬ್ರೌಸರ್‌ನ ಗಂಟು

ಪ್ರತಿ ಮರುವಿನ್ಯಾಸವೂ ಬ್ರೌಸರ್‌ನಿಂದ ಒಂದಿಷ್ಟು ಹೊಸ ಸಾಮರ್ಥ್ಯವನ್ನು ಬೇಡುತ್ತದೆ. ಅದಿಲ್ಲದ ಕಡೆ ಪುಟ ಚದುರಿಹೋಗುತ್ತದೆ, ಒತ್ತಿದ ಗುಂಡಿ ಕೆಲಸ ಮಾಡುವುದಿಲ್ಲ, ಕೆಲವೊಮ್ಮೆ ಬರಿಯ ಬಿಳಿ ಪರದೆ ಉಳಿಯುತ್ತದೆ.

ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6 ಈ ತೊಡಕಿಗೆ ಇನ್ನೊಂದು ಹೆಸರೇ ಆಗಿತ್ತು. 2001ರ ಆಗಸ್ಟ್‌ನಲ್ಲಿ ಬಂದ ಇದು ವಿಂಡೋಸ್ ಎಕ್ಸ್‌ಪಿಯ ಜೊತೆ ಮನೆಮನೆಗೂ ಕಚೇರಿಗೂ ಹೊಕ್ಕಿತು. ಪೈಪೋಟಿಯೇ ಇಲ್ಲದಂತಾದ ಮೇಲೆ ಮೈಕ್ರೋಸಾಫ್ಟ್ ಮುಂದಿನ ಆವೃತ್ತಿ ತರಲು ಐದು ವರ್ಷ ತೆಗೆದುಕೊಂಡಿತು, 7ನೆಯದು ಬಂದದ್ದು 2006ರ ಅಕ್ಟೋಬರ್‌ನಲ್ಲಿ. ಅಷ್ಟರೊಳಗೆ ಬ್ಯಾಂಕುಗಳು, ಆಸ್ಪತ್ರೆಗಳು, ಸರ್ಕಾರಿ ಕಚೇರಿಗಳು ತಮ್ಮ ಒಳಬಳಕೆಯ ತಂತ್ರಾಂಶವನ್ನೆಲ್ಲ 6ಕ್ಕೇ ಹೊಂದಿಸಿ ಬರೆಸಿಕೊಂಡಿದ್ದವು. ಅಲ್ಲಿ ಕೂತು ಕೆಲಸ ಮಾಡುವ ಗುಮಾಸ್ತರಿಗೆ ಬ್ರೌಸರ್ ಬದಲಿಸುವ ಅನುಮತಿಯೂ ಇರಲಿಲ್ಲ. ಬಿಟ್ಟುಬಿಡಿ ಎಂಬ ಮನವಿಗೆ ಬ್ರಿಟನ್ ಸರ್ಕಾರ 2010ರಲ್ಲಿ ಕೊಟ್ಟ ಉತ್ತರವೂ ಇದೇ ಧಾಟಿಯದು: ಎಲ್ಲವನ್ನೂ ಪರೀಕ್ಷಿಸಿ ಬದಲಿಸುವ ಖರ್ಚು ವಿಪರೀತ.

ವಿನ್ಯಾಸಕಾರರ ತಾಳ್ಮೆಯೂ ತೀರುತ್ತಿತ್ತು. ಪಾರದರ್ಶಕ ಚಿತ್ರಗಳ ಹಿಂದೆ ಬೂದು ಬಣ್ಣ, ಇಮ್ಮಡಿಯಾಗುವ ಅಂಚು ಇಂಥ ದೋಷಗಳಿಗೆಂದೇ ಪ್ರತ್ಯೇಕ ಸಾಲುಗಳನ್ನು ಬರೆಯಬೇಕಿತ್ತು. 2009ರಲ್ಲಿ ಯೂಟ್ಯೂಬ್ ಈ ಬ್ರೌಸರ್‌ನವರಿಗೆ, ಇನ್ನು ನಿಮಗೆ ಬೆಂಬಲವಿರದು ಎಂಬ ಎಚ್ಚರಿಕೆಯ ಪಟ್ಟಿ ತೋರಿಸತೊಡಗಿತು. ಆಡಳಿತವನ್ನು ಕೇಳದೆ ಕೆಲವೇ ಎಂಜಿನಿಯರ್‌ಗಳು ಅದನ್ನು ಸೇರಿಸಿದ್ದರೆಂಬುದು ಹತ್ತು ವರ್ಷದ ಮೇಲೆ, ಅವರಲ್ಲೊಬ್ಬರು ಬರೆದುಕೊಂಡಾಗ, ಬಯಲಾಯಿತು. ಗೂಗಲ್ ಮೇಲೆ ನಡೆದ ದಾಳಿಗೆ ಎಕ್ಸ್‌ಪ್ಲೋರರ್‌ನ ದೋಷವೊಂದು ಬಳಕೆಯಾಗಿತ್ತೆಂದು 2010ರ ಜನವರಿಯಲ್ಲಿ ತಿಳಿದ ಬಳಿಕ ಜರ್ಮನಿ, ಫ್ರಾನ್ಸ್‌ಗಳ ಸರ್ಕಾರಿ ಸಂಸ್ಥೆಗಳು ಬೇರೆ ಬ್ರೌಸರ್ ಬಳಸಲು ಸಲಹೆ ಕೊಟ್ಟವು. 2011ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ತಾನೇ ಮುಂದೆ ಬಂದು, 6ರ ಬಳಕೆಯನ್ನು ಜಗತ್ತಿನಲ್ಲಿ ಶೇ 1ಕ್ಕಿಂತ ಕೆಳಗಿಳಿಸುವ ಪ್ರಚಾರ ಆರಂಭಿಸಿತು. ಆಗ ಅದರ ಪಾಲು ಸುಮಾರು ಶೇ 12 ಇತ್ತು.

ಬ್ರೌಸರ್ ಹೆಸರು ನೋಡಿ ಬಾಗಿಲು ಹಾಕುವ ಚಾಳಿ ಇನ್ನೊಂದು ಪೀಡೆ. ತಾಣಕ್ಕೆ ಬಂದ ಬ್ರೌಸರ್ ತನ್ನ ಹೆಸರು, ಆವೃತ್ತಿ ಹೇಳಿಕೊಳ್ಳುತ್ತದೆ. ಅದು ನಿಜಕ್ಕೂ ಏನು ಮಾಡಬಲ್ಲದು ಎಂದು ಪರೀಕ್ಷಿಸದೆ ಈ ಹೆಸರನ್ನೇ ನಂಬಿದರೆ ಹೊಸ ಬ್ರೌಸರ್ ಕೂಡ ಹೊರಗುಳಿಯುತ್ತದೆ. ಒಪೆರಾ ತನ್ನ 10ನೆಯ ಆವೃತ್ತಿ ತಂದಾಗ ಹಲವು ತಾಣಗಳು ಮೊದಲ ಅಂಕಿಯನ್ನಷ್ಟೇ ಓದಿ ಅದನ್ನು 1ನೆಯ ಆವೃತ್ತಿ ಎಂದುಕೊಂಡವು. ಒಪೆರಾ ಕಡೆಗೆ ತನ್ನನ್ನು 9.80 ಎಂದು ಹೇಳಿಕೊಳ್ಳಬೇಕಾಯಿತು.

ಕನ್ನಡ ಓದುಗರ ಅನುಭವ

ಕನ್ನಡದಲ್ಲಿ ಈ ತೊಡಕು ಅಕ್ಷರದ ಮಟ್ಟದಲ್ಲೇ ಎದುರಾಯಿತು. ಕನ್ನಡ ವಿಕಿಪೀಡಿಯ ಆರಂಭವಾದ 2003ರಲ್ಲಿ ವಿಂಡೋಸ್ 98 ಇದ್ದವರಿಗೆ ಯೂನಿಕೋಡ್ ಕನ್ನಡ ಸರಿಯಾಗಿ ಮೂಡುತ್ತಿರಲಿಲ್ಲ. ಎಕ್ಸ್‌ಪಿಯಲ್ಲಿ ತುಂಗಾ ಅಕ್ಷರಶೈಲಿ ಇತ್ತು, ಆದರೆ ಸಂಕೀರ್ಣ ಲಿಪಿಗಳ ಕಡತಗಳನ್ನು ಸೆಟ್ಟಿಂಗ್ಸ್‌ನಲ್ಲಿ ಆಯ್ದು, ಸಿಡಿ ಹಾಕಿ ಸೇರಿಸಿಕೊಳ್ಳುವವರೆಗೆ ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕೂರುತ್ತಿರಲಿಲ್ಲ. ಮೊಬೈಲ್ ಬಂದಾಗ ಅದೇ ಕಥೆ ಮರುಕಳಿಸಿತು. ಆಂಡ್ರಾಯ್ಡ್‌ಗೆ ಕನ್ನಡದ ಬೆಂಬಲ ಬಂದದ್ದು 2012ರ 4.1ನೆಯ ಆವೃತ್ತಿಯಲ್ಲಿ. ಅದಕ್ಕೆ ಮೊದಲಿನ ಹೆಚ್ಚಿನ ಫೋನ್‌ಗಳಲ್ಲಿ ಕನ್ನಡ ಪುಟವೆಂದರೆ ಚೌಕಗಳ ಸಾಲು. ಓದಲಾಗದವರು ದೂರನ್ನು ಬರೆಯುವುದಾದರೂ ಯಾವ ಅಕ್ಷರದಲ್ಲಿ? ಭಾರತದಲ್ಲಿ ವ್ಯಾಪಕವಾಗಿ ಹರಡಿದ ಜಿಯೋಫೋನ್‌ನ ಕೈಒಎಸ್ ಕೂಡ ಫೈರ್‌ಫಾಕ್ಸ್ 48ರ ಕಾಲದ ಎಂಜಿನ್ ಮೇಲೆ ನಿಂತದ್ದು. ಹೊಸ ಫೋನ್ ಮಾತ್ರ ಕೈಯಲ್ಲಿಟ್ಟುಕೊಂಡು ಪರೀಕ್ಷಿಸಿದ ವಿನ್ಯಾಸ ಇಂಥ ಕಡೆ ಮುಗ್ಗರಿಸುತ್ತದೆ.

ಕೊಂಡಿ ಕಡಿಯದಂತೆ

ಮೂಲ ಪಠ್ಯ ಎಲ್ಲ ಬ್ರೌಸರ್‌ಗಳಿಗೂ ಸಿಗುವಂತೆ ಕಟ್ಟಿ, ಶಕ್ತಿ ಇರುವ ಬ್ರೌಸರ್‌ಗೆ ಅದರ ಮೇಲೆ ಹೆಚ್ಚಿನ ಸೌಲಭ್ಯ ಪೇರಿಸುವ ಕ್ರಮವನ್ನು 2003ರಿಂದ ವಿನ್ಯಾಸಕಾರರು ಬೋಧಿಸುತ್ತ ಬಂದಿದ್ದಾರೆ. ಭದ್ರತೆಯ ವಿಷಯದಲ್ಲಿ ಮಾತ್ರ ಹಳೆಯದನ್ನು ಕೈಬಿಡಲೇಬೇಕಾದ ಘಟ್ಟ ಬರುತ್ತದೆ. ಉಚಿತ ಭದ್ರತಾ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ನೆಚ್ಚಿಕೊಂಡಿದ್ದ ಮೂಲಪತ್ರದ (ರೂಟ್ ಪ್ರಮಾಣಪತ್ರ) ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯುವುದಿತ್ತು. 7.1.1ಕ್ಕಿಂತ ಹಳೆಯ ಆಂಡ್ರಾಯ್ಡ್‌ಗಳಿಗೆ ಹೊಸ ಮೂಲಪತ್ರದ ಪರಿಚಯವೇ ಇರಲಿಲ್ಲ, ಅವು ಅಸಂಖ್ಯ ತಾಣಗಳಿಂದ ಹೊರಬೀಳುವುದರಲ್ಲಿದ್ದವು. ಸಂಸ್ಥೆ ವಿಶೇಷ ಸಹಿಯ ಏರ್ಪಾಡು ಮಾಡಿಕೊಂಡು ಆ ಫೋನ್‌ಗಳಿಗೆ 2024ರವರೆಗೆ ದಾರಿ ತೆರೆದಿಟ್ಟಿತು.

ಹಳತಾಗಿರುವುದು ಸದಾ ಬಳಕೆದಾರರ ಯಂತ್ರವೇ ಎಂದೇನಿಲ್ಲ. 2020ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ ತನ್ನ 74ನೆಯ ಆವೃತ್ತಿಯಲ್ಲಿ ಹಳೆಯ ಗೂಢಲಿಪಿ ಶಿಷ್ಟಾಚಾರಗಳಾದ ಟಿಎಲ್‌ಎಸ್ 1.0 ಮತ್ತು 1.1ನ್ನು ನಿಲ್ಲಿಸಿತು. ಕೊರೊನಾ ಮಾಹಿತಿ ಕೊಡುತ್ತಿದ್ದ ಕೆಲವು ಸರ್ಕಾರಿ ತಾಣಗಳು ಇನ್ನೂ ಅವನ್ನೇ ಬಳಸುತ್ತಿದ್ದವು. ಆ ಪುಟಗಳು ಜನರಿಗೆ ಸಿಗಲೆಂದು ಮೊಜಿಲ್ಲಾ ನಿಲ್ಲಿಸಿದ್ದನ್ನು ತಾತ್ಕಾಲಿಕವಾಗಿ ಮತ್ತೆ ಚಾಲೂ ಮಾಡಿತು.